ಒಂದು ತೊಟ್ಟು ರಕ್ತ ತೀರ್ಪು ನೀಡಬಲ್ಲುದೆ?

ಅಂಬೇವಾಡಿಯ ರಸ್ತೆಯಲ್ಲಿ ಬಿದ್ದು ತಲೆಗೆ ತೀವ್ರ ಪೆಟ್ಟಾದವನನ್ನು ಧಾರವಾಡಕ್ಕೋ ಹುಬ್ಬಳ್ಳಿಗೋ ಒಯ್ಯಬೇಕು. ತೀವ್ರ ನಿಗಾ ಘಟಕದ ಹೊರಗೆ ಕುಳಿತ ತಂದೆತಾಯಿಗಳ ಪ್ರಶ್ನೆ ಒಂದೇ: ಮಗ ಉಳಿಯುವನೆ? ಉಳಿದರೂ ಎದ್ದು ನಡೆಯುವನೆ? ರಕ್ತದಲ್ಲಿನ ಪ್ರೋಟೀನನ್ನು ಅಳೆದು ಇದಕ್ಕೆ ಉತ್ತರ ಹೇಳಬಹುದೆಂಬ ಮಾತು ಇಂದು ಕೇಳಿಬರುತ್ತಿದೆ. ಅದನ್ನು ತೀರ್ಪೆಂದು ನಂಬುವುದು ವಿಜ್ಞಾನಕ್ಕೂ ಅಪಚಾರ, ಅಹಿಂಸೆಗೂ ಅಪಚಾರ.

ಮಿದುಳಿನ ಜೀವಕೋಶಗಳು ಒಡೆದಾಗ ಅವುಗಳ ಪ್ರೋಟೀನುಗಳು ರಕ್ತಕ್ಕೆ ಸೋರುತ್ತವೆ. ಜಿ.ಎಫ್.ಎ.ಪಿ., ಯು.ಸಿ.ಎಚ್.ಎಲ್.-1 ಎಂಬವು ಅವುಗಳಲ್ಲಿ ಮುಖ್ಯವಾದವು. 2018ರಲ್ಲಿ ಅಮೆರಿಕವು ಇವುಗಳ ಪರೀಕ್ಷೆಗೆ ಅನುಮತಿ ನೀಡಿದ್ದು ಲಘು ಪೆಟ್ಟಿನವರಿಗೆ ಸಿ.ಟಿ. ಸ್ಕ್ಯಾನ್ ಬೇಕೆ ಎಂದು ತಿಳಿಯಲು. ಭವಿಷ್ಯ ನುಡಿಯಲು ಅಲ್ಲ. 2022ರಲ್ಲಿ ಪ್ರಕಟವಾದ ಅಲ್ಲಿನ ದೊಡ್ಡ ಅಧ್ಯಯನವೊಂದರಲ್ಲಿ ಮೊದಲ ದಿನದ ಪ್ರಮಾಣವು ಆರು ತಿಂಗಳೊಳಗಿನ ಮರಣವನ್ನು ಬಹುಮಟ್ಟಿಗೆ ಸೂಚಿಸಿತು. ಚೇತರಿಕೆ ಪೂರ್ಣವಾಗುವುದೋ ಇಲ್ಲವೋ ಎಂಬುದನ್ನು ಹೇಳಲು ಸೋತಿತು. ಎಸ್-100ಬಿ ಎಂಬ ಇನ್ನೊಂದು ಪ್ರೋಟೀನು ಕೊಬ್ಬಿನಿಂದಲೂ ಮುರಿದ ಎಲುಬಿನಿಂದಲೂ ಬರುತ್ತದೆ. ಎನ್.ಎಸ್.ಇ. ಕೆಂಪು ರಕ್ತಕಣಗಳಲ್ಲೂ ಇದೆ; ಮಾದರಿಯಲ್ಲಿ ಕಣಗಳು ಒಡೆದರೆ ಅಂಕಿ ತಾನೇ ಏರುತ್ತದೆ. ಇಂಥ ಅಂಕಿಯನ್ನೇ ಪೂರ್ಣಸತ್ಯವೆನ್ನುವುದು ಏಕಾಂತವಾದವಲ್ಲದೆ ಮತ್ತೇನು?

"ಉಳಿಯದವನಿಗೆ ಹಣ ಸುರಿಯುವುದೇಕೆ?" ಎಂದು ವಾದಿಸುವವರುಂಟು. ಬಡ ಕುಟುಂಬದ ಸಾಲದ ಭಯ ಸುಳ್ಳಲ್ಲ. ಆದರೆ ಅಂಕಿಯನ್ನು ನಂಬಿ ಚಿಕಿತ್ಸೆ ನಿಲ್ಲಿಸಿದರೆ ರೋಗಿ ಸಾಯುತ್ತಾನೆ. ಸತ್ತುದರಿಂದ ಅಂಕಿ ನಿಜವಾಯಿತೆಂದು ತೋರುತ್ತದೆ. ಅಲ್ಲಿ ನಿಜವಾದುದು ಭವಿಷ್ಯವಲ್ಲ, ನಮ್ಮ ಆತುರ. 2021ರ ಇನ್ನೊಂದು ಅಮೆರಿಕನ್ ಅಧ್ಯಯನದಲ್ಲಿ, ಎರಡು ವಾರ ಕಳೆದರೂ ಅರಿವಿಲ್ಲದೆ ಮಲಗಿದ್ದವರಲ್ಲಿ ಸುಮಾರು ಮುಕ್ಕಾಲು ಪಾಲು ಜನ ವರ್ಷದೊಳಗೆ ಪ್ರಜ್ಞೆಗೆ ಮರಳಿದ್ದರು. ಎಲ್ಲರೂ ಮೊದಲಿನಂತಾಗಲಿಲ್ಲ, ನಿಜ. ಆದರೆ ಎರಡನೆಯ ದಿನವೇ ಕೈಬಿಟ್ಟಿದ್ದರೆ?

ಕೆಲವರು ಇಲ್ಲಿ ಸಲ್ಲೇಖನದ ಹೆಸರೆತ್ತುವುದು ದೊಡ್ಡ ತಪ್ಪು. ಸಮಂತಭದ್ರಾಚಾರ್ಯರು ಅದನ್ನು ಹೇಳಿದ್ದು ಪ್ರತೀಕಾರವಿಲ್ಲದ ಉಪಸರ್ಗ, ದುರ್ಭಿಕ್ಷ, ಮುಪ್ಪು, ರೋಗಗಳಲ್ಲಿ. ಅದೂ ಸಾಧಕನು ತಾನೇ ಎಚ್ಚರದಿಂದ ಕೈಗೊಳ್ಳುವ ವ್ರತವಾಗಿ. ಪ್ರಜ್ಞೆಯಿಲ್ಲದವನ ಪರವಾಗಿ ಮತ್ತೊಬ್ಬರು ಸಲ್ಲೇಖನ ಕೈಗೊಳ್ಳಲಾಗದು. ಹಾಗೆಂದು ಚಿಕಿತ್ಸೆ ನಿಲ್ಲಿಸುವುದೆಲ್ಲ ಹಿಂಸೆಯೂ ಅಲ್ಲ. ನಿಷ್ಫಲವಾದ ಯಂತ್ರೋಪಚಾರದಿಂದ ಬಿಡುಗಡೆಗೆ ಸರ್ವೋಚ್ಚ ನ್ಯಾಯಾಲಯವು 2018ರಲ್ಲಿ ದಾರಿ ತೋರಿ 2023ರಲ್ಲಿ ಅದನ್ನು ಸರಳಗೊಳಿಸಿತು; ಕರ್ನಾಟಕ ಸರ್ಕಾರ 2025ರ ಜನವರಿಯಲ್ಲಿ ಅದರ ಜಾರಿಗೆ ಆದೇಶ ಹೊರಡಿಸಿತು. ಅಲ್ಲಿಯೂ ವೈದ್ಯರ ಎರಡು ಮಂಡಳಿಗಳ ವಿಚಾರಣೆಯೂ ಬಂಧುಗಳ ಸಮ್ಮತಿಯೂ ಬೇಕು. ಕಾನೂನೇ ಇಷ್ಟು ಎಚ್ಚರ ವಹಿಸುವಾಗ ಶ್ರಾವಕರು ಪ್ರಯೋಗಾಲಯದ ಒಂದು ಚೀಟಿಗೆ ಶರಣಾಗಬಹುದೆ? ಪ್ರಮಾದವೇ ಹಿಂಸೆಯ ಮೂಲವೆಂಬುದನ್ನು ಮರೆಯಬಾರದು.

ಬಸದಿಗಳ ಆಡಳಿತ ಮಂಡಳಿಗಳಿಗೂ ಇಲ್ಲಿ ಕರ್ತವ್ಯವುಂಟು. ವೈದ್ಯಕೀಯ ನೆರವಿಗೆ ರಕ್ತಪರೀಕ್ಷೆಯ ಅಂಕಿಯನ್ನು ಷರತ್ತಾಗಿಸಬಾರದು. ಮೊದಲ ಗಂಟೆಗಳ ವಾಹನದ ವೆಚ್ಚಕ್ಕೆ, ಮುಂದಿನ ತಿಂಗಳುಗಳ ಅಂಗಸಾಧನೆಗೆ, ಆರೈಕೆಯಲ್ಲಿ ದಣಿದ ತಾಯಿಯ ಬಿಡುವಿಗೆ ಹಣ ಮೀಸಲಿಡಲಿ. ಔಷಧದಾನ, ಅಭಯದಾನಗಳೆಂದು ಹಿರಿಯರು ಹೆಸರಿಸಿದ್ದು ಇಂಥದ್ದನ್ನೇ. ಪ್ರೋಟೀನು ವೈದ್ಯನಿಗೆ ಒಂದು ಸಾಕ್ಷಿಯಾಗಲಿ; ನ್ಯಾಯಾಧೀಶನಾಗುವುದು ಬೇಡ.