ಬೀಜದ ಋಣ
ನಿಡಸೋಸಿಯಿಂದ ಸಂಕೇಶ್ವರದ ಸಂತೆಗೆ ಟೊಮೇಟೊ ಒಯ್ಯುವ ಬಂಧುಗಳಿಗೆ ಮನಮೋಹನ ಅತ್ತಾವರರ ಹೆಸರು ಅಪರಿಚಿತವಿದ್ದೀತು. 1965ರಲ್ಲಿ ಬೆಂಗಳೂರಿನಲ್ಲಿ ಇಂಡೋ-ಅಮೆರಿಕನ್ ಹೈಬ್ರಿಡ್ ಸೀಡ್ಸ್ ಸ್ಥಾಪಿಸಿದ ಈ ತಳಿತಜ್ಞರು, 1973ರಲ್ಲಿ ‘ಕರ್ನಾಟಕ’ ಟೊಮೇಟೊ, ‘ಭಾರತ್’ ದೊಣ್ಣೆಮೆಣಸಿನಕಾಯಿ ಎಂಬ ಸಂಕರ ತಳಿಗಳನ್ನು ರೈತರಿಗಿತ್ತರು. 1998ರಲ್ಲಿ ಪದ್ಮಶ್ರೀ ಸಂದಿತು; 2017ರಲ್ಲಿ ನಿಧನರಾದರು.

ಸಂಕರದ ಹಣ್ಣಿನಿಂದ ಎತ್ತಿಟ್ಟ ಬೀಜ ಮರುಬಿತ್ತನೆಯಲ್ಲಿ ತಾಯಿಗಿಡದಂತೆ ಬಾರದು, ಗುಣಗಳು ಚದುರುತ್ತವೆ. ಬ್ರನೋ ಮಠದ ಸಂನ್ಯಾಸಿ ಮೆಂಡೆಲ್ ಬಟಾಣಿ ಬೆಳೆದು 1865ರಲ್ಲೇ ವಿವರಿಸಿದ ನಿಯಮವಿದು. (ನಮ್ಮ ಸೆಮಿನರಿಯಲ್ಲಿ ಅರಿಸ್ಟಾಟಲನಿಗೆ ವರ್ಷಗಳು ಸಂದವು, ಮೆಂಡೆಲನಿಗೆ ಒಂದು ಗಂಟೆಯೂ ಇಲ್ಲ!) ಹೀಗಾಗಿ ರೈತನು ಪ್ರತಿ ಹಂಗಾಮಿಗೂ ಬೀಜದಂಗಡಿಯ ಮೆಟ್ಟಿಲೇರಬೇಕು. ಇದು ಅಧಿಕ ಇಳುವರಿಯ ಬೆಲೆ, ಮೋಸವೆನ್ನಲಾರೆ. ಆದರೆ ಹೊಸ ಸಂಕರಕ್ಕೂ ಹಳೆಯ ತಳಿಗಳೇ ಮೂಲಧನ. ಸಂಕೇಶ್ವರಿ ಮೆಣಸಿನ ಬೀಜವನ್ನು ಮನೆಯಲ್ಲೇ ಕಾಯ್ದಿಡುವವರು ಈ ಸಲವೂ ಹಿತ್ತಲಲ್ಲಿ ನಾಲ್ಕು ಸಾಲು ಹಚ್ಚಲಿ.