ಇಲಿಯ ಚಿತ್ರ ಸ್ಪಷ್ಟವಾದರೆ ನಮಗೇನು ಲಾಭ?

ಕ್ಯಾನ್ಸರ್ ರೋಗಿಗಳಿಗೆ ವೈದ್ಯರು ‘ಪೆಟ್ ಸ್ಕ್ಯಾನ್’ ಮಾಡಿಸಲು ಹೇಳುವುದನ್ನು ನೀವು ಕೇಳಿರಬಹುದು. ಅದೇ ಯಂತ್ರದ ಪುಟ್ಟ ರೂಪ ಪ್ರಯೋಗಶಾಲೆಯ ಇಲಿಗಳಿಗೂ ಇದೆ. ಇಲಿಗೇಕೆ ಇಷ್ಟು ಖರ್ಚು ಎಂದು ನಗಬೇಡಿ. ಹೊಸ ಔಷಧ ನಿಮ್ಮ ಕೈಗೆ ಬರುವ ಮೊದಲು ಸಾಮಾನ್ಯವಾಗಿ ಪ್ರಾಣಿಗಳ ಮೇಲೆ ಪರೀಕ್ಷೆಯಾಗಿರುತ್ತದೆ.

ಈ ವಿಧಾನದಲ್ಲಿ ವಿಕಿರಣಶೀಲ ಅಂಶವುಳ್ಳ, ಗ್ಲೂಕೋಸಿನಂಥ ವಸ್ತುವನ್ನು ರಕ್ತನಾಳಕ್ಕೆ ಕೊಡುತ್ತಾರೆ. ಕ್ಯಾನ್ಸರ್ ಗಡ್ಡೆ ಅದನ್ನು ಹೆಚ್ಚಾಗಿ ಹೀರಿಕೊಳ್ಳುತ್ತದೆ. ಅಲ್ಲಿಂದ ಜೋಡಿಯಾಗಿ ಹೊರಡುವ ಗಾಮಾ ಕಿರಣಗಳನ್ನು ಸುತ್ತಲಿನ ಸ್ಫಟಿಕಗಳು ಹಿಡಿಯುತ್ತವೆ. ಕಂಪ್ಯೂಟರ್ ಚಿತ್ರ ರಚಿಸುತ್ತದೆ. ಆಸ್ಪತ್ರೆಯ ಯಂತ್ರದ ಸ್ಪಷ್ಟತೆ ಸುಮಾರು 4ರಿಂದ 6 ಮಿ.ಮೀ. ಅದಕ್ಕಿಂತ ಹತ್ತಿರದ ಎರಡು ಚುಕ್ಕೆಗಳು ಒಂದಾಗಿಯೇ ಕಾಣುತ್ತವೆ. 70 ಕಿಲೋ ತೂಗುವ ಮನುಷ್ಯನಿಗೆ ಇದು ನಡೆದೀತು. 25 ಗ್ರಾಂ ತೂಗುವ ಬಿಳಿ ಇಲಿಯ ಮಿದುಳೇ ಒಂದು ಸೆಂ.ಮೀ. ಆಸುಪಾಸಿನದು!

ಅಮೆರಿಕದ ಲಾಸ್ ಏಂಜಲೀಸ್‌ನಲ್ಲಿ ಸೈಮನ್ ಚೆರ್ರಿ ಮತ್ತು ಸಂಗಡಿಗರು ರೂಪಿಸಿದ ‘ಮೈಕ್ರೋಪೆಟ್’ 1997ರಲ್ಲಿ, 2 ಮಿ.ಮೀ. ಅಗಲದ ಸ್ಫಟಿಕಗಳಿಂದ ಸುಮಾರು 1.8 ಮಿ.ಮೀ. ಸ್ಪಷ್ಟತೆ ಸಾಧಿಸಿತು. ಈಗ ಒಂದು ಮಿ.ಮೀ.ಗಿಂತ ಸೂಕ್ಷ್ಮವಾದ ಯಂತ್ರಗಳೂ ಇವೆ. ಆದರೆ ಸ್ಪಷ್ಟತೆ ಪುಕ್ಕಟೆ ಸಿಗುವುದಿಲ್ಲ. ಅದು ಇಮ್ಮಡಿಯಾದರೆ ಚಿತ್ರದ ಕಣಗಳು ಎಂಟು ಪಟ್ಟಾಗುತ್ತವೆ. ಒಂದೊಂದು ಕಣಕ್ಕೆ ದೊರಕುವ ಕಿರಣ ಅಷ್ಟೇ ಕಡಿಮೆಯಾಗುತ್ತದೆ. ಹಾಗೆಂದು ಪುಟ್ಟ ಜೀವಕ್ಕೆ ವಿಕಿರಣವನ್ನು ಮನಬಂದಂತೆ ಹೆಚ್ಚಿಸಲಾಗದು.

ಇಷ್ಟೆಲ್ಲ ಏಕೆ? ಔಷಧದಿಂದ ಗಡ್ಡೆ ಕರಗಿತೇ ಎಂದು ನೋಡಲು ಪ್ರತಿ ಹಂತದಲ್ಲೂ ಕೆಲವು ಇಲಿಗಳನ್ನು ಕೊಂದು ಪರೀಕ್ಷಿಸುವುದು ಹಳೆಯ ಕ್ರಮ. ಚಿತ್ರ ಸ್ಪಷ್ಟವಾದರೆ ಒಂದೇ ಇಲಿಯನ್ನು ವಾರವಾರವೂ ನೋಡಬಹುದು. ಜೀವಹಾನಿ ಕಡಿಮೆ, ಹೋಲಿಕೆಯೂ ಹೆಚ್ಚು ನಂಬಿಕೆಗೆ ಅರ್ಹ. ಇಲಿಯಲ್ಲಿ ಗೆದ್ದದ್ದೆಲ್ಲ ಮನುಷ್ಯನಲ್ಲಿ ಗೆಲ್ಲುವುದಿಲ್ಲ, ನಿಜ. ಆದರೆ ನಿಷ್ಫಲ ಔಷಧವನ್ನು ರೋಗಿಯ ತನಕ ತರದೆ ಮೊದಲೇ ಕೈಬಿಡಲು ಇದು ನೆರವಾದೀತು.

ಇದಕ್ಕೆ ಬೇಕಾದ ಕೌಶಲಗಳು ಬೆಂಗಳೂರಿನ ಹೊರವಲಯದಲ್ಲೇ ಇವೆ. ಭಾರತದಲ್ಲಿ ತಯಾರಾದ ಪೆಟ್ ಯಂತ್ರವನ್ನು 15 ದೇಶಗಳಿಗೆ ಕಳುಹಿಸುವುದಾಗಿ 2024ರಲ್ಲಿ ಪ್ರಕಟಿಸಿದ ವಿಪ್ರೋ ಜಿಇ ವೈಟ್‌ಫೀಲ್ಡ್ ಕಡೆಯದು. 1993ರಲ್ಲಿ ಆರಂಭವಾದ ಸಿಂಜೀನ್‌ನ ಔಷಧ ಸಂಶೋಧನೆ ಎಲೆಕ್ಟ್ರಾನಿಕ್ ಸಿಟಿ ಪಕ್ಕದ ಬೊಮ್ಮಸಂದ್ರದಲ್ಲಿದೆ. ಪೀಣ್ಯದ ಕುಶಲ ಕೆಲಸಗಾರರಿಗೆ ಮಿ.ಮೀ.ನ ನೂರನೇ ಭಾಗದ ಲೆಕ್ಕ ದಿನನಿತ್ಯದ್ದು. ಇವರೆಲ್ಲ ಒಂದೆಡೆ ಸೇರಿ, ಕಾಲೇಜುಗಳಿಗೂ ಸಣ್ಣ ಕಂಪನಿಗಳಿಗೂ ತೆರೆದಿರುವ ಸಾಮೂಹಿಕ ಕೇಂದ್ರವೊಂದನ್ನು ನಡೆಸುವುದು ಮೇಲು.

ಅದನ್ನು ಸೈಕ್ಲೋಟ್ರಾನ್ ಇರುವ ಜಾಗಕ್ಕೆ ಹತ್ತಿರದಲ್ಲೇ ಕಟ್ಟಬೇಕು. ಬಳಸುವ ಫ್ಲೋರಿನ್-18 ಪ್ರತಿ 110 ನಿಮಿಷಕ್ಕೆ ಅರ್ಧ ಕರಗುತ್ತದೆ. ನಮ್ಮ ಸಿಲ್ಕ್ ಬೋರ್ಡ್ ವೃತ್ತಕ್ಕೆ ಈ ಲೆಕ್ಕ ತಿಳಿಯದು!

ಸಂಶೋಧನೆಗೆ ಹಣ ನೀಡುವ ಸರ್ಕಾರವೂ ಕಂಪನಿಗಳೂ ಈ ಬಗ್ಗೆ ಯೋಚಿಸಲಿ. ಇಲಿಯ ಒಳಗನ್ನು ಚೆನ್ನಾಗಿ ಕಂಡಷ್ಟೂ ನಮ್ಮ ಮಾತ್ರೆಯ ಮೇಲಿನ ಭರವಸೆ ಗಟ್ಟಿಯಾಗುತ್ತದೆ.