ಹೊರುವ ಬೆನ್ನಿಗೂ ಒಂದು ಲೆಕ್ಕವಿದೆ



ಕಳೆದ ತಿಂಗಳು ಸಿಂದಗಿಯ ಮದುವೆಯೊಂದರ ಊಟದ ಪಂಕ್ತಿಯಲ್ಲಿ ಬಂಧುಗಳೊಬ್ಬರು ಆಂಬುಲೆನ್ಸಿನ ಹುಡುಗರನ್ನು ಹಳಿಯತೊಡಗಿದರು. ರೋಗಿಯನ್ನು ಎತ್ತುವಾಗ ಅವರು ಏದುಸಿರು ಬಿಟ್ಟರಂತೆ. "ಈಗಿನ ಹುಡುಗೂರ ಮೈಯಾಗ ಕಸುವ ಇಲ್ರೀ ಕಾಕಾ, ಗರಡಿಮನಿ ಕಂಡ ಮೈ ಅಲ್ಲ ಅವು" ಎಂದರು. ಪಂಕ್ತಿಯವರೆಲ್ಲ ನಕ್ಕರು. ನಾನು ಸುಮ್ಮನಿದ್ದೆ. ಹಾಗೆ ಸುಮ್ಮನಿದ್ದುದು ತಪ್ಪೆನಿಸಿ ಇಲ್ಲಿ ಉತ್ತರ ಬರೆಯುತ್ತಿದ್ದೇನೆ. ಆ ಬಂಧುಗಳೂ ಇದನ್ನು ಓದುವರೆಂದು ಬಲ್ಲೆ.

ಮೊದಲು ಕಸುವಿನ ಲೆಕ್ಕ ನೋಡೋಣ. ವಾಹನದಲ್ಲಿರುವವರು ಇಬ್ಬರೇ: ಚಿಕಿತ್ಸೆ ನೀಡುವ ಸಿಬ್ಬಂದಿ ಒಬ್ಬ, 'ಪೈಲಟ್' ಎಂದು ಕರೆಯುವ ಚಾಲಕ ಒಬ್ಬ. ಇಂಡಿ, ಮುದ್ದೇಬಿಹಾಳದ ಕಡೆ ಹೊಲದ ನಡುವಿನ ವಸ್ತಿಗಳು ಬಹಳ. ಮಳೆ ಬಿದ್ದರೆ ಎರೆಮಣ್ಣಿನ ದಾರಿಯಲ್ಲಿ ಗಾಡಿ ಹೂಳುತ್ತದೆ. ಆಗ ರೋಗಿಯನ್ನು ಹೊತ್ತೇ ತರಬೇಕು. ಭಾರ ಎತ್ತುವ ಕೆಲಸದ ಬಗ್ಗೆ ಅಮೆರಿಕದ ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯದ ರಾಷ್ಟ್ರೀಯ ಸಂಸ್ಥೆ 1991ರಲ್ಲಿ ಒಂದು ಸೂತ್ರ ರೂಪಿಸಿತು. ಅದರಂತೆ, ಎಲ್ಲ ಅನುಕೂಲಗಳಿದ್ದರೂ ಒಬ್ಬನು ಎತ್ತುವ ಭಾರ 23 ಕಿಲೋ ಮೀರಬಾರದು. 70 ಕಿಲೋ ತೂಕದ ಮನುಷ್ಯನನ್ನು ಇಬ್ಬರು ಎತ್ತಿದರೆ ತಲೆಗೆ 35 ಕಿಲೋ ಆಯಿತು. ಸ್ಟ್ರೆಚರಿನ ತೂಕ ಬೇರೆ. ಇದರ ಮೇಲೆ ಕೆಸರು, ಕತ್ತಲೆ, ಅವಸರ. ಏದುಸಿರು ಬಾರದಿದ್ದರೇ ಅಚ್ಚರಿ.

ಇನ್ನು ಗರಡಿಮನೆಯ ಮಾತು. ನಮ್ಮ ಹಿರಿಯರು ಪೈಲ್ವಾನನಿಗೆ ಹಾಲು, ಬಾದಾಮಿ, ನಿದ್ದೆ ಕೊಟ್ಟು ಬಳಿಕ ಕುಸ್ತಿಗೆ ಇಳಿಸುತ್ತಿದ್ದರು. ಈ ಹುಡುಗರಿಗೆ ನಾವು ಕೊಟ್ಟದ್ದೇನು? 12 ಗಂಟೆಗಳ ಪಾಳಿ. ವಿಜಯಪುರದ ಆಸ್ಪತ್ರೆಗೆ ಸಿಂದಗಿಯಿಂದ ಸುಮಾರು 60 ಕಿ.ಮೀ., ಮುದ್ದೇಬಿಹಾಳದಿಂದ ಸುಮಾರು 80. ಪಾಳಿಯ ಕೊನೆಯಲ್ಲಿ ಕರೆ ಬಂದರೆ ಹೋಗಿಬರುವಷ್ಟರಲ್ಲಿ ನಿದ್ದೆಯ ಹೊತ್ತೂ ಕರಗಿರುತ್ತದೆ. ನನ್ನ ಬಳಿ ಕಲಿತವನೊಬ್ಬ ಇಂಥದೇ ಕೆಲಸದಲ್ಲಿದ್ದಾನೆ. ಸೊಂಟನೋವಿಗೆ ಮಾತ್ರೆ ನುಂಗಿ ಪಾಳಿಗೆ ಹೋಗುತ್ತಾನೆ. ರಜೆ ಹಾಕೆಂದರೆ, "ಅವತ್ತಿನ ಪಗಾರ ಹೋಗ್ತದರೀ ಸರ್" ಎನ್ನುತ್ತಾನೆ. ಬರುವ ಪಗಾರವೂ ಎರಡು ತಿಂಗಳು ತಡವಾಗಿ, ಕಿರಾಣಿ ಅಂಗಡಿಯ ಉದ್ರಿ ಏರಿ ಕುಳಿತಿತ್ತು.

ಕರ್ನಾಟಕದಲ್ಲಿ 108ರ 'ಆರೋಗ್ಯ ಕವಚ' ಆರಂಭವಾದದ್ದು 2008ರ ನವೆಂಬರ್ 1ರಂದು, ಖಾಸಗಿ ಸಂಸ್ಥೆಯೊಂದಿಗಿನ ಒಪ್ಪಂದದ ಮೂಲಕ. ಹಣ ಸರ್ಕಾರದ್ದು, ನೇಮಕ ಮತ್ತೊಬ್ಬರದು. ಇಬ್ಬರ ನಡುವಿನ ಲೆಕ್ಕ ತಡವಾದರೆ ಉಪವಾಸ ಮೂರನೆಯವನದು. 2024ರಲ್ಲಿಯೂ ಬಾಕಿ ವೇತನಕ್ಕಾಗಿ ಸಿಬ್ಬಂದಿ ಮುಷ್ಕರದ ಎಚ್ಚರಿಕೆ ಕೊಡಬೇಕಾಯಿತು. ತಿಂಗಳು ಮುಗಿದ 7 ದಿನದೊಳಗೆ, ಸಾವಿರ ಮತ್ತು ಹೆಚ್ಚು ಜನರಿರುವಲ್ಲಿ 10 ದಿನದೊಳಗೆ ಸಂಬಳ ಕೊಡಬೇಕೆಂದು 1936ರಲ್ಲಿಯೇ, ಬ್ರಿಟಿಷರ ಕಾಲದಲ್ಲಿಯೇ, ಕಾಯ್ದೆಯಾಗಿತ್ತು. ಸಮಾನ ಕೆಲಸಕ್ಕೆ ಸಮಾನ ವೇತನದ ತತ್ತ್ವ ಹಂಗಾಮಿ ನೌಕರರಿಗೂ ಅನ್ವಯಿಸುತ್ತದೆಂದು ಸುಪ್ರೀಂ ಕೋರ್ಟು 2016ರಲ್ಲಿ ಹೇಳಿತು. ಸೇವೆಯನ್ನು ತಾನೇ ನಡೆಸುವುದಾಗಿ ರಾಜ್ಯ ಸರ್ಕಾರ 2025ರಲ್ಲಿ ಪ್ರಕಟಿಸಿತು. ಒಳ್ಳೆಯದು. ಆದರೆ ಒಡೆಯ ಬದಲಾದ ಮಾತ್ರಕ್ಕೆ ಆಳಿನ ಪಾಡು ಬದಲಾಗದು. ಪಾಳಿಯೂ ಪಗಾರವೂ ಬದಲಾಗಬೇಕು.

"ಅದು ಸೇವೆ, ಕಾಯಕ, ದುಡ್ಡಿನ ಮಾತೇಕೆ?" ಎನ್ನುವವರಿದ್ದಾರೆ. ಬಸವಣ್ಣನವರು ಹುಟ್ಟಿದ ಬಾಗೇವಾಡಿಯ ಸೀಮೆಯಲ್ಲಿ ಈ ಮಾತು ಆಡುವಾಗ ನಾಲಿಗೆ ಅಳುಕಬೇಕು. ಆಯ್ದಕ್ಕಿ ಮಾರಯ್ಯ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮ ಅದನ್ನು ಮರಳಿ ಸುರಿದು ಬರುವಂತೆ ಕಳುಹಿಸಿದ ಕಥೆ ನಿಮಗೆ ಗೊತ್ತು. ತನ್ನದಲ್ಲದ್ದನ್ನು ಇಟ್ಟುಕೊಳ್ಳಬಾರದೆಂಬುದು ಅದರ ನೀತಿ. ದುಡಿದವನ ಪಗಾರವನ್ನು ತಡೆದಿಟ್ಟುಕೊಳ್ಳುವುದಕ್ಕೆ ಆ ಪರಂಪರೆಯಲ್ಲಿ ಎಡೆಯೆಲ್ಲಿದೆ? ನನ್ನ ಕೆಲಸವನ್ನೂ ಜನ ಸೇವೆಯೆಂದೇ ಕರೆದರು. ಆದರೆ ನನಗೆ ಸಂಬಳ ಬಂತು, ಇಂದಿಗೂ ಪಿಂಚಣಿ ಬರುತ್ತಿದೆ. ಆ ಭದ್ರತೆಯಲ್ಲಿ ಕುಳಿತು ಆ ಹುಡುಗನಿಗೆ ತ್ಯಾಗ ಬೋಧಿಸಲು ನನಗೆ ನಾಚಿಕೆಯಾಗುತ್ತದೆ.

ನಿಮ್ಮಲ್ಲಿ ಕಚೇರಿಗಳಲ್ಲಿರುವವರು, ಪಂಚಾಯತಿಗೆ ಆರಿಸಿಬಂದವರು ಇದ್ದೀರಿ. ತಾರೀಖಿಗೆ ಸರಿಯಾಗಿ ಸಂಬಳ, 8 ಗಂಟೆಯ ಪಾಳಿ, ವಸ್ತಿಗಳಿಗೆ ಗರಸಿನ ದಾರಿ ಕೇಳಿ. ಮುಂದಿನ ಸಲ ನಿಮ್ಮ ಅಂಗಳಕ್ಕೆ ಆ ವಾಹನ ಬಂದಾಗ ಕೈಕಟ್ಟಿ ನೋಡುತ್ತ ನಿಲ್ಲಬೇಡಿ. ಅವರು ಹೇಳಿದಂತೆ ಸ್ಟ್ರೆಚರಿಗೆ ನೀವೂ ಇಬ್ಬರು ಕೈ ಹಚ್ಚಿರಿ. ಯಾರ ಮೈಯಲ್ಲಿ ಎಷ್ಟು ಕಸುವಿದೆಯೆಂಬುದು ಆಗ ತಿಳಿಯುತ್ತದೆ.